ಎರಡು ಜಿನ್ನಿನ ಸೀತವ್ವ

ವಿಜಾಪುರದ ಸ್ಟೇಷನ್ನಿನ ಹಿಂದಿದ್ದ ಹತ್ತಿ ಗಿರಣಿಯಲ್ಲಿ ಸೀತವ್ವನಷ್ಟು ಚುರುಕು ಕೈ ಇನ್ನೊಬ್ಬರಿಗಿರಲಿಲ್ಲ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ. ಅವಳು ಮೈಗಳ್ಳಿಯಾಗಿದ್ದರೆ ತಾನೂ ಸುಖವಾಗಿರುತ್ತಿದ್ದಳು, ಅವಳ ಪಕ್ಕದಲ್ಲಿ ಕೂತವರೂ ಸುಖವಾಗಿರುತ್ತಿದ್ದರು.

ಹುಟ್ಟಿದ್ದು ನಿಡೋಣಿಯಲ್ಲಿ, ಕೊಟ್ಟಿದ್ದು ತಿಕೋಟಾಕ್ಕೆ. ಗಂಡನ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸಿ, ನೀರು ಹೊತ್ತು, ಮಂದಿಯ ಹೊಲಕ್ಕೆ ಕೂಲಿಗೆ ಹೋಗಿ ಇಬ್ಬರ ಕೆಲಸ ಒಬ್ಬಳೇ ಮಾಡಿ ಬರುತ್ತಿದ್ದಳು. ಆದರೂ ಆ ಮನೆಯಲ್ಲಿ ಅವಳ ಕಿವಿಗೆ ಒಂದು ಒಳ್ಳೆಯ ಮಾತು ಬೀಳಲಿಲ್ಲ. "ದುಡಿಯಾಕ ಹುಟ್ಟಿದಾಕಿ ದುಡೀತಾಳ, ಅದರಾಗ ಏನ್ ದೊಡ್ಡಸ್ತನ ಐತಿ?" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅತ್ತೆ ಸತ್ತ ಮೇಲೆ ಗಂಡ ಆ ಮಾತನ್ನು ಮುಂದುವರಿಸಿದ. ಕಡೆಗೊಂದು ದಿನ ಅವನು ಇನ್ನೊಬ್ಬಳನ್ನು ಕರೆತಂದು ಒಲೆಯ ಮುಂದೆ ಕೂಡಿಸಿದಾಗ ಸೀತವ್ವ ಜಗಳವಾಡಲಿಲ್ಲ. ಕಟ್ಟಿಗೆ ತರುವವಳ ಹಾಗೆ ಹೊರಗೆ ಹೋದವಳು ಉಟ್ಟ ಸೀರೆಯಲ್ಲೇ ವಿಜಾಪುರದ ದಾರಿ ಹಿಡಿದಳು. ಆಗ ಅವಳಿಗೆ ನಲವತ್ತರ ಹತ್ತಿರ.

ಏಕೀಕರಣವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಊರಿನ ಕಚೇರಿಗಳ ಬೋರ್ಡುಗಳು ಒಂದೊಂದಾಗಿ ಬದಲಾಗುತ್ತಿದ್ದವು, ಗಿರಣಿಯ ಗೇಟು ಮಾತ್ರ ಇದ್ದ ಹಾಗೇ ಇತ್ತು. ಆ ಗೇಟಿನ ಹೊರಗೆ, ಕೆಲಸ ಕೇಳುವ ಧೈರ್ಯವಿಲ್ಲದೆ ಮೂಲೆ ಹಿಡಿದು ಕೂತಿದ್ದವಳನ್ನು ಗಮನಿಸಿದವಳು ರೇಣವ್ವ. ಬಬಲೇಶ್ವರದ ಹುಡುಗಿ, ವಯಸ್ಸಿನಲ್ಲಿ ಸೀತವ್ವನಿಗಿಂತ ಬಹಳ ಸಣ್ಣವಳು. ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು, ಹೆಂಗಸರ ಕೆಲಸ ನೋಡಿಕೊಳ್ಳುವ ಮುಕ್ಕಾದಮ ಧೂಳಪ್ಪನ ಬೆನ್ನು ಬಿದ್ದು ಕೆಲಸ ಕೊಡಿಸಿದಳು, ಸಂಜೆಗೆ ಜೋರಾಪುರ ಪೇಟೆಯ ಹಿಂದಿನ ತನ್ನ ಒಂದಂಕಣದ ಮನೆಗೆ ಕರೆದುಕೊಂಡು ಹೋದಳು. ರೇಣವ್ವನ ಗಂಡ ಪರಸಪ್ಪ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. "ಮನಿ ಸಣ್ಣದೈತಿ, ಮಂದಿ ಸಣ್ಣವರಲ್ಲ, ಬಾರಬೇ ಯಕ್ಕಾ" ಎಂದು ಅವನೂ ಜಾಗ ಮಾಡಿಕೊಟ್ಟ. ಬಂದವಳು ಅಲ್ಲಿಯೇ ಉಳಿದಳು. ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ನೋಡಿಕೊಳ್ಳುವುದಿಲ್ಲ, ನಾನು ಬೇಕಾದಷ್ಟು ಮನೆ ಕಂಡಿದ್ದೇನೆ.

ಗಿರಣಿಯ ಕೆಲಸ ಹೀಗಿತ್ತು. ಉದ್ದನೆಯ ತಗಡಿನ ಶೆಡ್ಡು, ಅದರೊಳಗೆ ಸಾಲಾಗಿ ಜಿನ್ನು ಎಂಬ ಯಂತ್ರಗಳು, ಜಿನ್ನಿಗೊಬ್ಬ ಹೆಂಗಸು. ಹೊಲದಿಂದ ಬಂದ ಹತ್ತಿಯನ್ನು ಕೈಯಿಂದ ಬಿಡಿಸಿ ಬಿಡಿಸಿ ಜಿನ್ನಿನ ಬಾಯಿಗೆ ಕೊಡುತ್ತಿರಬೇಕು. ಚರ್ಮದ ರೋಲರು ಅರಳೆಯನ್ನು ಎಳೆದುಕೊಂಡು ಆಚೆ ಚೆಲ್ಲುತ್ತದೆ, ಕಾಳು ಕೆಳಗೆ ಉದುರುತ್ತದೆ. ಕೈ ತಡವಾದರೆ ಜಿನ್ನು ಬರಿದೇ ತಿರುಗುತ್ತದೆ, ಕೈ ಅವಸರವಾದರೆ ಬಾಯಿ ಕಟ್ಟಿಕೊಳ್ಳುತ್ತದೆ. ಗಾಳಿಯ ತುಂಬ ಹತ್ತಿಯ ಧೂಳು. ಸಂಜೆ ಭೋಂಗಾ ಕೂಗಿದ ಮೇಲೆ ಹೊರಬೀಳುವ ಹೆಂಗಸರು ಹರೆಯದವರೂ ಮುದುಕಿಯರ ಹಾಗೆ ಬೆಳ್ಳಗಾಗಿರುತ್ತಿದ್ದರು.

ಆದರೆ ಆ ಶೆಡ್ಡಿನಲ್ಲಿ ಯಾವ ಸಾಹೇಬನೂ ಮಾಡದ ಒಂದು ಕಾಯಿದೆ ನಡೆಯುತ್ತಿತ್ತು. ಈ ಹೊತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು ಹಳ್ಳಿಯಲ್ಲಿ ಮುಯ್ಯಾಳು ಹೋಗುತ್ತಾರಲ್ಲ, ಈ ಹೆಂಗಸರು ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಗೆ ಬಂದಿದ್ದರು. ಒಬ್ಬಳಿಗೆ ತಲೆ ಸುತ್ತಿದರೆ, ಕೂಸು ಅತ್ತರೆ, ಪಕ್ಕದವಳು ಒಂದಷ್ಟು ಹೊತ್ತು ಎರಡೂ ಜಿನ್ನಿಗೆ ಹತ್ತಿ ಕೊಡುವಳು. ಇನ್ನೊಂದು ದಿನ ಅದು ಮುಯ್ಯಿ ತೀರುವುದು. ಧೂಳಪ್ಪ ಕಂಡೂ ಕಾಣದಂತೆ ಆಚೆ ತಿರುಗಿ ಬೀಡಿ ಹಚ್ಚುತ್ತಿದ್ದ. ಅವನ ತಾಯಿಯೂ ಅದೇ ಸಾಲಿನಲ್ಲಿ ಕೂತು ಅವನನ್ನು ಬೆಳೆಸಿದವಳು.

ಅರವತ್ತೆರಡರ ಸುಗ್ಗಿಗೆ ರೇಣವ್ವನಿಗೆ ಎಳೆಗೂಸು. ಹಿಂದಿನ ದೀಪಾವಳಿಯಲ್ಲಿ ಪರಸಪ್ಪನ ಬೆನ್ನ ಮೇಲೆ ಚೀಲದ ಥಪ್ಪಿ ಕುಸಿದು ಅವನು ಹಾಸಿಗೆ ಹಿಡಿದಿದ್ದ. ಹಾಗಾಗಿ ಆ ಮನೆಯ ಒಲೆ ಉರಿಯಬೇಕಾದರೆ ರೇಣವ್ವ ಜಿನ್ನಿನ ಮುಂದೆ ಕೂಡಲೇಬೇಕು. ಕೂಸನ್ನು ಗಿರಣಿಯ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುವಳು. ಅದು ಅತ್ತರೆ ಪಕ್ಕದ ಜಿನ್ನಿನ ಸೀತವ್ವನ ಕಡೆ ನೋಡುವಳು. ಬಾಯಿ ಬಿಟ್ಟು ಕೇಳಬೇಕಾಗಿರಲಿಲ್ಲ.

"ಹೋಗ ಬೇ ರೇಣಿ, ಹೊಟ್ಟಿ ತುಂಬ ಕುಡಿಸು. ಅವಸರ ಮಾಡಬ್ಯಾಡ" ಎನ್ನುವಳು ಸೀತವ್ವ. ಆಮೇಲೆ ಎಡಗೈ ಒಂದು ಜಿನ್ನಿಗೆ, ಬಲಗೈ ಒಂದು ಜಿನ್ನಿಗೆ. ಎರಡೂ ಒಂದು ಕ್ಷಣವೂ ಬರಿದಾಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು, ತಂಗಿಯ ಮದುವೆಯಲ್ಲಿ ಬಡಿಸುವವಳ ಮುಖ.

ಆ ಸುಗ್ಗಿಯ ಮೊದಲಿಗೇ ಹೊಸ ಮ್ಯಾನೇಜರ್ ಬಂದ. ಗುರುರಾಜ ಅಂತ ಹೆಸರು, ಶಾಲೆಯ ಮಾಸ್ತರರ ಮಗ, ಮುಂಬಯಿಯಲ್ಲಿ ಕಲಿತು ಬಂದವನು. ಹಿಂದಿನ ಮ್ಯಾನೇಜರ್ ತಾಯಿ ತಂಗಿ ಹಿಡಿದು ಬಯ್ಯುತ್ತಿದ್ದ, ಬಯ್ದು ಮರೆಯುತ್ತಿದ್ದ. ಇವನು ಬಯ್ಯಲಿಲ್ಲ. ಹೆಂಗಸರಿಗೆಲ್ಲ ಬಹುವಚನ ಹಚ್ಚಿ ಮಾತಾಡಿದ. "ಧೂಳಪ್ಪನವರs" ಎಂದು ಕರೆದು ಮುಕ್ಕಾದಮನಿಗೆ ಆಫೀಸಿನಲ್ಲಿ ಖುರ್ಚಿ ಕೊಟ್ಟ. ಹುಟ್ಟಿದಾಗಿನಿಂದ ಲೇ ಅಂತಲೇ ಕರೆಸಿಕೊಂಡ ಧೂಳಪ್ಪ ಅವತ್ತು ಆ ಖುರ್ಚಿಯ ತುದಿಯಲ್ಲಿ ಕೂತು ಬೆವೆತುಬಿಟ್ಟನಂತೆ. ಗುರುರಾಜ ಕೆಟ್ಟ ಮನುಷ್ಯನಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಇರಬಹುದು. ಮುಂಬಯಿಯ ಮಾಲೀಕರು ಖರ್ಚು ಇಳಿಸು ಎಂದು ಅವನ ಕುತ್ತಿಗೆಯ ಮೇಲೆ ಕೂತಿದ್ದರು. ಆದರೆ ಬಯ್ಯುವವನ ಕೈಯಿಂದ ತಪ್ಪಿಸಿಕೊಳ್ಳಬಹುದು, ನಗುವವನ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಒಂದು ಮುಂಜಾನೆ ಅವನು ಶೆಡ್ಡಿನೊಳಗೆ ಬಂದಾಗ ರೇಣವ್ವ ಬೇವಿನ ಗಿಡದ ಕೆಳಗಿದ್ದಳು, ಸೀತವ್ವ ಎರಡು ಜಿನ್ನಿನ ನಡುವೆ ಇದ್ದಳು. ಸಾಲಿನ ಹೆಂಗಸರು, ರೇಣವ್ವನ ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡರು. ಗುರುರಾಜ ಕೈಗಡಿಯಾರ ನೋಡಿಕೊಂಡು ಬಹಳ ಹೊತ್ತು ಅಲ್ಲೇ ನಿಂತ. ಮಧ್ಯಾಹ್ನ ಧೂಳಪ್ಪ ಬಂದು, ಸಾಹೇಬರು ಸೀತವ್ವನನ್ನು ಕರೆಯುತ್ತಿದ್ದಾರೆ ಎಂದ.

"ಬರ್ರಿ ಸೀತವ್ವ, ಕೂಡ್ರಿ" ಎಂದ ಗುರುರಾಜ.

ಸೀತವ್ವ ಕೂಡಲಿಲ್ಲ. "ರೇಣವ್ವಂದು ತಪ್ಪಿಲ್ರಿ ಸಾಹೇಬ್ರ. ಕೂಸು ಸಣ್ಣದೈತ್ರಿ. ನಾನs ಹೋಗಂದೀನ್ರಿ" ಎಂದಳು.

"ತಪ್ಪು ಅಂತ ಯಾರು ಅಂದ್ರು? ನಾ ಮುಂಬಯಿದಾಗ ಎಷ್ಟೋ ಗಿರಣಿ ನೋಡೇನಿ. ನಿಮ್ಮಂಥಾ ಕೈ ಎಲ್ಲೂ ನೋಡಿಲ್ಲ. ಶಾಭಾಸ್!"

ಪಾಪ, ಸೀತವ್ವ. ನಲವತ್ತು ದಾಟಿದ ಜೀವಕ್ಕೆ ಮೊದಲ ಸಲ ಯಾರೋ ಶಾಭಾಸ್ ಅಂದಿದ್ದರು, ಅದೂ ಕಲಿತವರು, ಖುರ್ಚಿ ತೋರಿಸಿ. ಅವಳ ಕಣ್ಣಲ್ಲಿ ನೀರು ಬಂತು. ಗುರುರಾಜ ಕೇಳಿದ, "ಮುಂಜಾನಿ ಭೋಂಗಾದಿಂದ ಸಂಜಿ ಭೋಂಗಾದ ತನಕ ಎರಡೂ ಜಿನ್ನು ನಡಸಬಹುದೇನು? ಒಂದ್ ದಿನ ಮಾಡಿ ತೋರಸ್ರಿ, ಎಲ್ಲಾರೂ ನೋಡ್ಲಿ."

ಸೀತವ್ವ ತನಗೆ ತಿಳಿದ ವ್ಯಾಪಾರ ಮಾಡಿದಳು. "ಮಾಡಿ ತೋರಸ್ತೀನ್ರಿ. ಆದ್ರ ರೇಣವ್ವ ಹಾಲು ಕುಡಿಸಾಕ ಹೋದಾಗ ಅಕಿಗೆ ಯಾರೂ ಬೈಬಾರದ್ರಿ."

"ಆಗ್ಲಿ. ಯಾರೂ ಬೈಯೂದಿಲ್ಲ" ಎಂದ ಗುರುರಾಜ. ಆ ಮಾತನ್ನು ಅವನು ಉಳಿಸಿಕೊಂಡ, ಅದನ್ನಂತೂ ಒಪ್ಪಬೇಕು.

ಮನೆಗೆ ಬಂದು ಸೀತವ್ವ ಹಿಗ್ಗಿ ಹಿಗ್ಗಿ ಹೇಳಿದರೆ ರೇಣವ್ವನ ಮುಖ ಕಪ್ಪಿಟ್ಟಿತು. "ಬ್ಯಾಡ ಯಕ್ಕಾ. ನಾವು ನಾವು ಮಾಡೂದನ್ನ ಅವರ ಮುಂದ ಮಾಡಿ ತೋರಸಬಾರದು. ಕೈ ಸೋತು ಅಂತ ಹೇಳಿಬಿಡು."

"ಯಾಕ ಬೇ? ನನಗೊಬ್ಬರು ಚಲೋ ಅಂದ್ರ ನಿನಗ ತಡಕೊಳ್ಳಾಕ ಆಗವಲ್ದೇನು?"

ಈ ಮಾತು ಬಾಯಿಂದ ಬಂದ ಮೇಲೆ ಸೀತವ್ವನಿಗೇ ಕಸಿವಿಸಿಯಾಯಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ರೇಣವ್ವ ಕೂಸಿನ ಬದಿಗೆ ತಿರುಗಿ ಮಲಗಿದಳು.

ಶನಿವಾರ ಸೀತವ್ವ ಎರಡು ಜಿನ್ನು ನಡೆಸಿದಳು. ಮುಂಜಾನೆಯಿಂದ ಸಂಜೆಯವರೆಗೆ, ಬುತ್ತಿಯ ಹೊತ್ತನ್ನು ಬಿಟ್ಟು, ಅವಳ ಕೈ ನಿಲ್ಲಲಿಲ್ಲ. ಗುರುರಾಜ ಆಗಾಗ ಬಂದು ಗಡಿಯಾರ ನೋಡಿ ತಲೆಯಾಡಿಸಿದ. ಮಧ್ಯಾಹ್ನದ ಮೇಲೆ ಅವಳ ರಟ್ಟೆ ಹರಿದು ಬೀಳುವಂತಾಗಿತ್ತು, ಕಣ್ಣು ಮಂಜಾಗುತ್ತಿದ್ದವು. ಆಗ ನಿಲ್ಲಿಸಿದ್ದರೆ ಮುಗಿದುಹೋಗುತ್ತಿತ್ತು. ನಿಲ್ಲಿಸಲಿಲ್ಲ. ಎಲ್ಲರೂ ನೋಡುತ್ತಿದ್ದರು, ಹೊಗಳಿಕೆಯ ಅಮಲು ಇಳಿದಿರಲಿಲ್ಲ. ಸಂಜೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಗುರುರಾಜ ಅವಳಿಗೊಂದು ಇಳಕಲ್ ಸೀರೆ ಕೊಟ್ಟ. ಚಪ್ಪಾಳೆ ಹೊಡೆದವನು ಧೂಳಪ್ಪ ಒಬ್ಬನೇ. ಸೀತವ್ವ ಸೀರೆಯನ್ನು ಮನೆಗೆ ತಂದು ರೇಣವ್ವನ ಮಡಿಲಲ್ಲಿಟ್ಟಳು. "ನೀ ಉಟ್ಟುಕೋ. ಇನ್ನ ಮ್ಯಾಲ ನಿನಗ ಯಾರೂ ಬೈಯಂಗಿಲ್ಲ" ಎಂದಳು.

ಸೋಮವಾರ ಗೇಟಿನಲ್ಲಿ ಧೂಳಪ್ಪ ಹೆಸರು ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಅರ್ಧ ಹೆಂಗಸರು ಒಳಗೆ, ಅರ್ಧ ಹೆಂಗಸರು ಹೊರಗೆ. ಇನ್ನು ಮುಂದೆ ಒಬ್ಬಳಿಗೆ ಎರಡು ಜಿನ್ನು. ಕೂಲಿ ಒಂದಿಷ್ಟು ಹೆಚ್ಚು. ಜಿನ್ನು ತಿರುಗುವಾಗ ಜಾಗ ಬಿಟ್ಟು ಎದ್ದವಳಿಗೆ ಅವತ್ತೇ ಕೆಲಸವಿಲ್ಲ. ಎಳೆಗೂಸಿನ ತಾಯಂದಿರನ್ನು ಮೊದಲು ಬಿಡಿಸಿದ್ದರು. ಹೊರಗೆ ನಿಂತ ರೇಣವ್ವನನ್ನು ಯಾರೂ ಬಯ್ಯಲಿಲ್ಲ.

ಸೀತವ್ವ ಸೀದಾ ಆಫೀಸಿಗೆ ಓಡಿದಳು. "ನಾ ಬಿಡ್ತೀನ್ರಿ. ನನ್ನ ಜಾಗಾ ರೇಣವ್ವಗ ಕೊಡ್ರಿ. ನನ್ನಿಂದ ದಿನಾ ಆಗೂದಿಲ್ರಿ, ಅವತ್ತು ಹಟಕ್ಕ ಬಿದ್ದು ಮಾಡೀನ್ರಿ" ಎಂದು ಕಾಲಿಗೆ ಬೀಳಹೋದಳು.

ಗುರುರಾಜ ಗಾಬರಿಯಿಂದ ಹಿಂದೆ ಸರಿದ. ಅವನಿಗೂ ಮುಜುಗರವಾಗಿದ್ದು ಸುಳ್ಳಲ್ಲ. "ನೋಡ್ರಿ ಸೀತವ್ವ, ನಾ ನನ್ನ ಮನಸ್ಸಿಗೆ ಬಂದ್ಹಂಗ ಮಾಡಿಲ್ಲ. ನೀವs ಮಾಡಿ ತೋರಸೀರಿ, ನಾ ಕಣ್ಣಾರೆ ನೋಡೇನಿ. ರೇಣವ್ವ ಎರಡು ನಡಸತಾರೇನು? ಇಲ್ಲ. ಹಂಗಿದ್ದಾಗ ನಿಮ್ಮನ್ನ ಬಿಡಿಸಿ ಅವರನ್ನ ಹೆಂಗ ತಗೊಳ್ಳಿ?"

ಅವಳ ಕೈಗೆಲಸದಿಂದಲೇ ಅವಳ ಮೇಲೆ ಸಾಕ್ಷಿ ಹೇಳಿಸಿದ್ದ.

ಮರುದಿನ ಅವಳು ಬೇಕೆಂದೇ ಕೈ ನಿಧಾನ ಮಾಡಿದಳು. ಮಧ್ಯಾಹ್ನಕ್ಕೆ ಧೂಳಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಯವ್ವಾ, ನಿನ್ನ ಕಾಲು ಬೀಳ್ತೀನಿ, ಹಿಂಗ ಮಾಡಬ್ಯಾಡ. ನೀ ಕಡಿಮಿ ಮಾಡಿದ್ರ ಮುಕ್ಕಾದಮ ಸಡ್ಲ ಬಿಟ್ಟಾನ ಅಂತಾರ. ನನಗೂ ನಾಕು ಮಕ್ಕಳದಾವು." ಅವಳ ಮುಂದೆ ಕೂತಿದ್ದ ಸಖೂಬಾಯಿ ಅಷ್ಟರಲ್ಲಿ ಹೆದರಿ ಹೆದರಿ ಸೀತವ್ವನಿಗಿಂತ ಮುಂದೆ ಹೋಗಿದ್ದಳು. ಕೆಲಸ ಉಳಿದವರೆಲ್ಲ ಹಾಗೇ. ಮುಯ್ಯಿಯ ಮಾತನ್ನು ಆ ಸಾಲಿನಲ್ಲಿ ಯಾರೂ ಆಡಲಿಲ್ಲ. ಎರಡೂ ಕೈ ಸಿಕ್ಕಿಬಿದ್ದವರು ಯಾರಿಗೆ ಏನು ಮುಯ್ಯಿ ಮಾಡಿಯಾರು?

ಹೊರಗಾದ ಹೆಂಗಸರು ಅವಳನ್ನು ಕಂಡರೆ ದಾರಿ ಬದಲಿಸಿದರು. "ಎರಡು ಜಿನ್ನಿನಾಕಿ ಬಂದ್ಲು" ಎಂದು ನಳದ ಹತ್ತಿರ ಉಗುಳಿದವರೂ ಇದ್ದರು. ರೇಣವ್ವ ಉಗುಳಲಿಲ್ಲ, ಮನೆಯಿಂದ ಹೊರಗೂ ಹಾಕಲಿಲ್ಲ. ಸೀರೆಯನ್ನು ಮಾತ್ರ ಮಡಿಕೆ ಬಿಚ್ಚದೆ ಸೀತವ್ವನ ಗಂಟಿನ ಮೇಲೆ ಇಟ್ಟುಬಿಟ್ಟಳು. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಮುಂದಿಡುವಳು, ಮುಖ ನೋಡುತ್ತಿರಲಿಲ್ಲ. ಸೀತವ್ವ ತನ್ನ ಕೂಲಿಯನ್ನೆಲ್ಲ ಪರಸಪ್ಪನ ತಲೆದಿಂಬಿನ ಕೆಳಗೆ ಇಡುತ್ತಿದ್ದಳು. ಸೀತವ್ವನಿಗೆ ರೇಣವ್ವನ ಬಾಯಿಂದ ಒಂದು ಬೈಗುಳ ಬೇಕಾಗಿತ್ತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು.

ರೇಣವ್ವ ಬಬಲೇಶ್ವರದ ರಸ್ತೆಯ ಕೆಲಸಕ್ಕೆ ಹೋದಳು, ಬಿಸಿಲಲ್ಲಿ ಜಲ್ಲಿ ಹೊರುವ ಕೆಲಸ. ದಿನದಿನಕ್ಕೆ ಒಣಗಿದಳು, ಅವಳ ಹಾಲೂ ಕಡಿಮೆಯಾಯಿತು. ಕೂಸು ಕುಡಿದು ಮುಗಿಸಿದ ಮೇಲೂ ಅಳುವುದನ್ನು ಸೀತವ್ವ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಬೇಸಿಗೆ ಏರಿತು. ಶೆಡ್ಡಿನ ತಗಡು ಕಾದು ಒಳಗೆ ಉಸಿರಾಡುವುದೇ ಕಷ್ಟವಾಯಿತು. ಒಂದು ದಿನ ಸಖೂಬಾಯಿ ಕೆಮ್ಮಿ ಕೆಮ್ಮಿ ಜಿನ್ನಿನ ಪಕ್ಕದಲ್ಲೇ ಬಿದ್ದಳು, ಮತ್ತೆ ಕೆಲಸಕ್ಕೆ ಬರಲಿಲ್ಲ. ಸೀತವ್ವ ಧೂಳಪ್ಪನ ಮನೆ ಬಾಗಿಲಲ್ಲಿ ಕೂತು ಹಟ ಹಿಡಿದಳು. ಧೂಳಪ್ಪ ಸಾಹೇಬನ ಕೈಕಾಲು ಹಿಡಿದು ಆ ಜಾಗವನ್ನು ರೇಣವ್ವನಿಗೆ ಕೊಡಿಸಿದ.

"ಎರಡು ಆಗತಾವೇನ ಬೇ ನಿನ್ನ ಕೈಲಿ?" ಎಂದು ಸೀತವ್ವ ಅಂಜುತ್ತ ಕೇಳಿದಳು.

"ಆಗ್ಲೇಬೇಕಲ್ಲ" ಎಂದಳು ರೇಣವ್ವ. ಎರಡು ತಿಂಗಳಲ್ಲಿ ಅವಳು ಸೀತವ್ವನಿಗೆ ಆಡಿದ ಮೊದಲ ಮಾತು ಅದು.

ಹೀಗೆ ಮತ್ತೆ ಒಂದೇ ಸಾಲಿಗೆ ಬಂದರು. ರೇಣವ್ವ ಹಲ್ಲು ಕಚ್ಚಿ ಎರಡೂ ಜಿನ್ನು ನಡೆಸಿದಳು. ಹೊರಗೆ ಕೂಸು ಅಳುತ್ತಿತ್ತು, ಬುತ್ತಿಯ ಹೊತ್ತಿನವರೆಗೂ ಅಳುತ್ತಿತ್ತು. ರೇಣವ್ವನ ಕುಪ್ಪಸ ಒದ್ದೆಯಾಗುತ್ತಿತ್ತು. ಅವಳು ಆ ಕಡೆ ತಿರುಗುತ್ತಿರಲಿಲ್ಲ, ಸೀತವ್ವನ ಕಡೆಗೂ ನೋಡುತ್ತಿರಲಿಲ್ಲ. ನೋಡಿ ಉಪಯೋಗವೇನು? ಸೀತವ್ವನ ಎರಡೂ ಕೈ ತನ್ನ ಎರಡು ಜಿನ್ನಿಗೇ ಸಾಲುತ್ತಿರಲಿಲ್ಲ.

ಮೂರನೆಯ ದಿನ ಕೂಸಿನ ದನಿ ಬಿದ್ದುಹೋಯಿತು. ಅಳುವಿನ ಬದಲು ಹರಿದ ಬಟ್ಟೆಯಂಥ ಒಂದು ಸದ್ದು ಬರುತ್ತಿತ್ತು. ಸೀತವ್ವ ತಡೆದಳು, ತಡೆದಳು, ಆಮೇಲೆ ಎದ್ದಳು. ಎರಡೂ ಜಿನ್ನು ಬರಿದೇ ತಿರುಗಲು ಬಿಟ್ಟು ಹೊರಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. "ಕುಡಸ ಬೇ ರೇಣಿ" ಎಂದು ರೇಣವ್ವನ ಮುಂದೆ ಹಿಡಿದಳು. ರೇಣವ್ವ ಕೈ ನಿಲ್ಲಿಸಲಿಲ್ಲ.

ಬರಿದೆ ತಿರುಗುವ ಜಿನ್ನಿನ ಸದ್ದೇ ಬೇರೆ, ಆಫೀಸಿನ ತನಕ ಕೇಳುತ್ತದೆ. ಗುರುರಾಜ ಬಂದ, ಹಿಂದೆ ಧೂಳಪ್ಪ ಬಂದ. "ಸೀತವ್ವ, ನೀವs ಹಿಂಗ ಎದ್ರ ಉಳದವರಿಗೆ ನಾ ಏನು ಹೇಳ್ಲಿ?" ಎಂದ ಗುರುರಾಜ.

"ಅಕಿನ್ನ ಬಿಡ್ರಿ ಸಾಹೇಬ್ರ, ಒಂದೀಟು ಹಾಲು ಕುಡಿಸ್ಲಿ. ನಾ ನೋಡ್ತೀನ್ರಿ. ನಾಕೂ ಜಿನ್ನು ನಾನs ನೋಡ್ತೀನ್ರಿ!"

ಸಾಲಿನ ಹೆಂಗಸರೆಲ್ಲ ಬೆಚ್ಚಿ ಅವಳ ಕಡೆ ನೋಡಿದರು. ಗುರುರಾಜ ಕೂಡಲೇ ಇಲ್ಲ ಎನ್ನಲಿಲ್ಲ. ಒಂದು ಗಳಿಗೆ ಜಿನ್ನುಗಳನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಅವನು ಏನು ಯೋಚಿಸಿದನೋ ದೇವರಿಗೇ ಗೊತ್ತು. ಆದರೆ ಆ ಒಂದು ಗಳಿಗೆ ರೇಣವ್ವನಿಗೆ ಸಾಕಾಯಿತು.

"ಬ್ಯಾಡ್ರಿ!" ಎಂದು ಚೀರಿದಳು. ಕೈ ಹತ್ತಿಯಲ್ಲೇ ಇತ್ತು, ಮುಖದ ಮೇಲೆ ನೀರು ಇಳಿಯುತ್ತಿತ್ತು. "ನನ್ನ ಕೂಸು ಅತ್ರ ಅಳ್ಲಿ ಬಿಡ್ರಿ ಸಾಹೇಬ್ರ. ಈಕಿ ಮಾತು ಕೇಳಬ್ಯಾಡ್ರಿ. ಈಕಿನ್ನ ಹೊರಗ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೀನ್ರಿ, ಈಕಿ ಇಲ್ಲಿದ್ರ ನಾವ್ಯಾರೂ ಉಳಿಯಂಗಿಲ್ರಿ."

ಸೀತವ್ವ ಅವಳ ಮುಖ ನೋಡಿದಳು. ಇಷ್ಟು ದಿನ ಬೇಡಿಕೊಂಡಿದ್ದ ಬೈಗುಳ ಈಗ ಬಂದಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವಳು ಬಾಗಿಲ ಕಡೆ ನಡೆದಳು. ಧೂಳಪ್ಪ ತಲೆ ತಗ್ಗಿಸಿ ದಾರಿ ಬಿಟ್ಟ. ಸಾಲಿನ ಯಾರೂ ತಲೆ ಎತ್ತಲಿಲ್ಲ, ಎತ್ತಿದ್ದರೆ ಅವರ ಜಿನ್ನೂ ಬರಿದಾಗುತ್ತಿತ್ತು. ಕೂಸು ಇನ್ನೂ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಗೊತ್ತಾದದ್ದು ಗೇಟು ದಾಟಿದ ಮೇಲೆ.

ಕಂಪೌಂಡಿನ ಗೋಡೆಯ ನೆರಳು ಗೇಣಗಲ ಉಳಿದಿತ್ತು. ಅಲ್ಲಿ ಕೂತು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅದು ಸ್ವಲ್ಪ ಹೊತ್ತು ಮುಖ ಆಡಿಸಿತು, ತಡಕಾಡಿತು, ಆಮೇಲೆ ಅವಳ ಎದೆಗೆ ಬಾಯಿ ಹಾಕಿತು. ಅವಳು ಬಿಡಿಸಲಿಲ್ಲ. ಅಲ್ಲಿ ಏನೂ ಇಲ್ಲವೆಂದು ಗೊತ್ತಾಗುವ ತನಕ ಕೂಸು ಬಹಳ ಹೊತ್ತು ಚೀಪಿತು.